ಬಳೆ ಸಡಿಲ, ಕಾಲುಂಗುರ ಬಿಗಿ



ನಮ್ಮ ಮಸ್ಕಿಯಲ್ಲಿ ನಾನು ಕಂಡ ಮೊದಲ ತೂಕದ ಯಂತ್ರ ಅಡತಿ ಅಂಗಡಿಯ ಕಾಟಾ. ಭತ್ತ, ಜೋಳ, ತೊಗರಿ, ಹತ್ತಿ, ಎಲ್ಲವೂ ಅದರ ಮೇಲೆ ಏರಿ ಇಳಿಯುತ್ತಿದ್ದವು. ಹಮಾಲರು ಚೀಲ ಇಳಿಸಿ ದಣಿವಾರಿಸಿಕೊಳ್ಳುವ ಹೊತ್ತಿನಲ್ಲಿ ನಾವು ಹುಡುಗಿಯರು ಅದರ ಮೇಲೆ ಹತ್ತಿ ನಿಲ್ಲುತ್ತಿದ್ದೆವು. ಅವರು ನಮ್ಮ ತೂಕವನ್ನು ಇಡೀ ಓಣಿಗೆ ಕೇಳುವಂತೆ ಕೂಗಿ ಹೇಳುತ್ತಿದ್ದರು. ಮುಂದೆ ನಾನು ಆಹಾರಶಾಸ್ತ್ರ ಓದಿ ಆಸ್ಪತ್ರೆಯ ಕೆಲಸಕ್ಕೆ ಸೇರಿದೆ. ದಿನವೂ ಜನರನ್ನು ತೂಗುವುದೇ ನನ್ನ ಉದ್ಯೋಗವಾಯಿತು. ಆದರೆ ತೂಕದ ಬಗ್ಗೆ ನಾನು ಕಲಿತ ದೊಡ್ಡ ಪಾಠ ಕಾಲೇಜಿನದೂ ಅಲ್ಲ, ಆಸ್ಪತ್ರೆಯದೂ ಅಲ್ಲ. ಅದನ್ನು ಕಲಿಸಿದವರು ನನ್ನ ಚಿಗವ್ವ ಮತ್ತು ಜಾತ್ರೆಯಲ್ಲಿ ಬಳೆ ಮಾರುವ ಒಬ್ಬ ಅವ್ವ.

ಚಿಗವ್ವನಿಗೆ ಗರ್ಭಕೊರಳಿನ ಕ್ಯಾನ್ಸರ್ ಆಗಿತ್ತು. ದೂರದ ಊರಿನ ಆಸ್ಪತ್ರೆಯಲ್ಲಿ ಎರಡು ತಿಂಗಳು ಇದ್ದು, ನಮ್ಮ ಕಡೆಯ ಜನ ಹೇಳುವಂತೆ ‘ಕರೆಂಟ್ ಇಡಿಸಿಕೊಂಡು’, ಅಂದರೆ ವಿಕಿರಣ ಚಿಕಿತ್ಸೆ ಪಡೆದು, ವಾರಕ್ಕೊಂದು ಕೀಮೋ ಬಾಟಲಿ ಏರಿಸಿಕೊಂಡು ಊರಿಗೆ ಬಂದಿದ್ದಳು. ಚಿಕಿತ್ಸೆಗೆ ಮೊದಲು ಅವಳ ತೂಕ 52 ಕಿಲೋ ಇತ್ತು. ಮುಗಿದ ವರ್ಷದ ಮೇಲೂ 52 ಕಿಲೋ. ಮನೆಯವರಿಗೆಲ್ಲ ಸಮಾಧಾನ. ‘ತೂಕ ಇಳದಿಲ್ಲ, ಬ್ಯಾನಿ ಹೋತು’ ಅಂದರು. ಆಗಷ್ಟೇ ಓದು ಮುಗಿಸಿದ್ದ ನಾನೂ ಆ ಅಂಕಿ ನೋಡಿ ‘ಚೊಲೊ ಐತಿ ಚಿಗವ್ವ’ ಅಂದುಬಿಟ್ಟೆ.

ಆ ವರ್ಷ ಮಲ್ಲಿಕಾರ್ಜುನನ ಜಾತ್ರೆಯಲ್ಲಿ ಬಳೆ ಇಡಿಸಿಕೊಳ್ಳಲು ಚಿಗವ್ವ ಕೈ ಚಾಚಿದಳು. ಬಳೆಯವ್ವ ಅವಳ ಅಂಗೈಯನ್ನು ಒತ್ತಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಯವ್ವಾ, ನಿಂದು ಎರಡು-ಆರರ ಅಳತಿ. ಈಗ ಎರಡು-ನಾಕು ಸಲೀಸ ಹೋಗಾಕತ್ತಾವ. ಏನಾಗೇತಿ ನಿನಗ?’ ಅಂತ ಕೇಳಿದಳು. ಚಿಗವ್ವ ಉತ್ತರ ಕೊಡಲಿಲ್ಲ. ಮನೆಗೆ ಬಂದವಳೇ ಸೀರೆಯ ಅಂಚು ಒಂದಿಷ್ಟು ಮೇಲೆತ್ತಿ ತನ್ನ ಎಡಗಾಲು ತೋರಿಸಿದಳು. ಪಾದ ಉಬ್ಬಿತ್ತು. ಬೆಳ್ಳಿಯ ಕಾಲುಂಗುರ ಬೆರಳಿನೊಳಗೆ ಹೂತುಹೋಗಿ, ಸುತ್ತಲಿನ ಚರ್ಮ ಕೆಂಪಗೆ ಮಿರುಗುತ್ತಿತ್ತು. ಮರುದಿನ ಪತ್ತಾರರು ಬಂದು ಇಕ್ಕಳದಿಂದ ಅದನ್ನು ಕತ್ತರಿಸಬೇಕಾಯಿತು. ಆಗ ಅವಳು ಅತ್ತದ್ದು ನೋವಿಗಲ್ಲ. ಗಂಡ ಬದುಕಿರುವಾಗ ಕಾಲುಂಗುರ ತೆಗೆಯುವುದೆಂದರೆ ಏನೆಂದು ನಮ್ಮ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೇಲೆ ಬಳೆ ಸಡಿಲ, ಕೆಳಗೆ ಕಾಲುಂಗುರ ಬಿಗಿ. ತೋಳು, ತೊಡೆ, ಭುಜಗಳ ಮಾಂಸಖಂಡ ಕರಗಿಹೋಗಿತ್ತು. ಕಾಲಿನಲ್ಲಿ ನೀರು ತುಂಬಿಕೊಂಡಿತ್ತು. ಹೋದದ್ದು ಬಲ, ಬಂದದ್ದು ನೀರು. ಕಾಟಾ ಎರಡನ್ನೂ ಕೂಡಿಸಿ ಅದೇ 52 ತೋರಿಸಿತ್ತು. ನಾನು ಅಂಕಿ ಓದಿದ್ದೆ, ಹೆಣ್ಣುಮಗಳನ್ನು ನೋಡಿರಲಿಲ್ಲ.

ಈವತ್ತು ನಾನು ಹೇಳಬೇಕೆಂದಿರುವುದು ಇದೇ ಒಂದು ಮಾತು. ಗರ್ಭಕೊರಳು, ಗರ್ಭಚೀಲ, ಅಂಡಾಶಯದ ಕ್ಯಾನ್ಸರ್ ಗೆದ್ದು ಬಂದ ಹೆಣ್ಣುಮಗಳ ತೂಕ ನೋಡಲೇಬೇಕು. ಆದರೆ ಬರೀ ತೂಕ ನೋಡಬಾರದು. ಅವಳಿಂದ ಏನೇನು ಮಾಡಲಿಕ್ಕೆ ಆಗುತ್ತದೆ ಎಂಬುದನ್ನೂ ಅದರ ಪಕ್ಕದಲ್ಲೇ ಇಟ್ಟು ನೋಡಬೇಕು.

ಮೊದಲು ಈ ಕಾಯಿಲೆಯ ಹೆಸರು ಹೇಳೋಣ. ಹೆಸರು ಹೇಳುವುದು ನಮ್ಮೂರಿಗೆ ಹೊಸದಲ್ಲ. ಮಸ್ಕಿಯ ಬಂಡೆಶಾಸನವನ್ನು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಗುರುತಿಸಿದರು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂದಷ್ಟೇ ಇದ್ದ ಅರಸ ಅಶೋಕನೇ ಎಂದು ಹೆಸರಿಟ್ಟು ಹೇಳಿದ್ದು ನಮ್ಮೂರಿನ ಬಂಡೆ. ಅಂಥ ಊರಿನಲ್ಲಿ ಇಂದಿಗೂ ಹೆಂಗಸರು ಈ ರೋಗವನ್ನು ‘ಆ ಬ್ಯಾನಿ’, ‘ಕೆಟ್ಟ ಬ್ಯಾನಿ’ ಎಂದು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಹೆಸರು ಹೇಳದ ರೋಗಕ್ಕೆ ಔಷಧ ತಡವಾಗುತ್ತದೆ. ಔಷಧ ಮುಗಿದ ಮೇಲಿನ ಕಷ್ಟ ಹೇಳಿಕೊಳ್ಳುವುದಕ್ಕೂ ಬಾಯಿ ಬರುವುದಿಲ್ಲ.

ನಮ್ಮ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್ ಹೊಸದಾಗಿ ಬರುತ್ತದೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಒಮ್ಮೆಯಾದರೂ ಇದರ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ತಪಾಸಣೆಯಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಸಾಕ್ಷಿ ಇದೆ. ಮಹಾರಾಷ್ಟ್ರದ ಬಾರ್ಶಿಯ ನರ್ಗಿಸ್ ದತ್ ಕ್ಯಾನ್ಸರ್ ಆಸ್ಪತ್ರೆಯವರು ಆಗಿನ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ 30ರಿಂದ 59 ವರ್ಷದ 1,31,746 ಹೆಂಗಸರನ್ನು ಸೇರಿಸಿಕೊಂಡ ಅಧ್ಯಯನದಲ್ಲಿ ಕೆಲಸ ಮಾಡಿದರು. ಫಲ 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಸಲ, ಈ ಕ್ಯಾನ್ಸರ್ ತರುವ ವೈರಸ್ಸನ್ನು ಪತ್ತೆಹಚ್ಚುವ ಎಚ್‌ಪಿವಿ ಪರೀಕ್ಷೆ ಮಾಡಿದ ಹಳ್ಳಿಗಳಲ್ಲಿ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಅಂದರೆ ಬೇಗ ಹಿಡಿದರೆ ಬದುಕುವವರು ಹೆಚ್ಚು. ಬದುಕುವವರು ಹೆಚ್ಚಾದಂತೆ, ಆಮೇಲಿನ ಹತ್ತಿಪ್ಪತ್ತು ವರ್ಷ ಅವರು ಹೇಗೆ ಬಾಳುತ್ತಾರೆ ಎಂಬ ಪ್ರಶ್ನೆಯೂ ದೊಡ್ಡದಾಗುತ್ತದೆ.

ನಮ್ಮ ಭಾಗದವರು ಚಿಕಿತ್ಸೆಗಾಗಿ ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೆ, 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ, ಹುಬ್ಬಳ್ಳಿ ನವನಗರಕ್ಕೆ, ಹೈದರಾಬಾದಿನ ಎಂ.ಎನ್.ಜೆ. ಆಸ್ಪತ್ರೆಗೆ, ಬಾರ್ಶಿಗೆ ಹೋಗುತ್ತಾರೆ. ಅಲ್ಲಿ ರೋಗ ವಾಸಿ ಮಾಡಿ ಕಳಿಸುತ್ತಾರೆ. ಬಸ್ಸಿನಿಂದ ಮಸ್ಕಿಯಲ್ಲೋ ಸಿಂಧನೂರಿನಲ್ಲೋ ಲಿಂಗಸುಗೂರಿನಲ್ಲೋ ಇಳಿದ ಮೇಲೆ ಆ ಹೆಣ್ಣುಮಗಳ ಊಟ, ನಡಿಗೆ, ಕೂಲಿ, ಸಂಸಾರ ಎಲ್ಲ ನಮ್ಮ ಕೈಯಲ್ಲಿ.

ತೂಕದ ಬಗ್ಗೆ ನಮ್ಮ ಮಾತುಗಳನ್ನೇ ಗಮನಿಸಿ. ದಪ್ಪಗಾದವಳನ್ನು ಕಂಡರೆ ‘ಮೈ ಹಿಡದಾಳ, ಆರಾಮ ಆಗ್ಯಾಳ’ ಅನ್ನುತ್ತೇವೆ. ತೆಳ್ಳಗಾದವಳನ್ನು ಕಂಡರೆ ‘ಸೊರಗಿ ಹೋಗ್ಯಾಳ, ಇನ್ನು ಎಷ್ಟು ದಿನಾನೋ’ ಅನ್ನುತ್ತೇವೆ. ಎರಡೂ ತಪ್ಪಾಗಬಹುದು. ಒಂದೇ ‘ಹೆಂಗಸರ ಕ್ಯಾನ್ಸರ್’ ಎಂದು ನಾವು ಕರೆದರೂ, ತೂಕದ ಮಟ್ಟಿಗೆ ಅದು ಮೂರು ದಾರಿ ಹಿಡಿಯುತ್ತದೆ.

ಗರ್ಭಕೊರಳಿನ ಕ್ಯಾನ್ಸರ್ ಬಂದವರಲ್ಲಿ ಬಹಳಷ್ಟು ಜನ ಕೂಲಿನಾಲಿ ಮಾಡುವ ಮನೆಯವರು. ಮೊದಲೇ ರಕ್ತ ಕಡಿಮೆ, ಮೈಯಲ್ಲಿ ಮಾಂಸ ಕಡಿಮೆ. ವಿಕಿರಣ ಚಿಕಿತ್ಸೆ ಹೊಟ್ಟೆಯ ಕೆಳಭಾಗಕ್ಕೆ ಬೀಳುವುದರಿಂದ ಕರುಳು ಕೆರಳಿ ಭೇದಿ ಹತ್ತುತ್ತದೆ. ಕೀಮೋದಿಂದ ವಾಕರಿಕೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಮೈಗೆ ಊಟ ಸಾಲದಾದಾಗ ಅದು ತನ್ನದೇ ಮಾಂಸಖಂಡವನ್ನು ಒಡೆದು ಉರಿಸಿಕೊಳ್ಳುತ್ತದೆ. ಬೇಕೆಂದು ಇಳಿಸದೆ ಆರು ತಿಂಗಳಲ್ಲಿ ತೂಕ ನೂರಕ್ಕೆ ಐದರಷ್ಟು ಇಳಿದರೆ ವೈದ್ಯರು ಅದನ್ನು ಎಚ್ಚರಿಕೆಯ ಗಂಟೆ ಅನ್ನುತ್ತಾರೆ. 50 ಕಿಲೋ ಇದ್ದವಳಿಗೆ ಅದು ಎರಡೂವರೆ ಕಿಲೋ ಅಷ್ಟೇ. ನೋಡುವವರ ಕಣ್ಣಿಗೆ ಗೊತ್ತೂ ಆಗುವುದಿಲ್ಲ.

ಗರ್ಭಚೀಲದ ಒಳಪದರದ ಕ್ಯಾನ್ಸರಿನ ದಾರಿ ಇದಕ್ಕೆ ತದ್ವಿರುದ್ಧ. ಇದು ಹೆಚ್ಚಾಗಿ ಮುಟ್ಟು ನಿಂತ ಮೇಲೆ ಬರುವಂಥದ್ದು. ಮುಟ್ಟು ನಿಂತ ಮೇಲೆ ಅಂಡಾಶಯದಲ್ಲಿ ಈಸ್ಟ್ರೋಜನ್ ತಯಾರಾಗುವುದು ನಿಲ್ಲುತ್ತ ಬರುತ್ತದೆ, ಆದರೆ ಮೈಯ ಕೊಬ್ಬು ಅದನ್ನು ತಯಾರಿಸುತ್ತಲೇ ಇರುತ್ತದೆ. ಕೊಬ್ಬು ಹೆಚ್ಚಿದಷ್ಟೂ ಆ ಹಾರ್ಮೋನು ಗರ್ಭಚೀಲದ ಒಳಪದರವನ್ನು ಬೆಳೆಯಲು ಕೆಣಕುತ್ತಿರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಬೊಜ್ಜಿನೊಂದಿಗೆ ನಂಟಿರುವ 13 ಕ್ಯಾನ್ಸರುಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಗರ್ಭಚೀಲದ್ದೂ ಇದೆ, ಅಂಡಾಶಯದ್ದೂ ಇದೆ. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ‘ಮತ್ತ ಮುಟ್ಟಾಗೀನಿ’ ಎಂದು ನಗುವ ಹಾಗಿಲ್ಲ. ಅದೇ ವಾರ ಡಾಕ್ಟರಿಗೆ ತೋರಿಸಬೇಕು. ಈ ಕ್ಯಾನ್ಸರ್ ಬೇಗ ಸಿಕ್ಕಿದರೆ ಬಹುತೇಕ ಗುಣವಾಗುತ್ತದೆ. ಆದರೆ ಹೀಗೆ ಗುಣವಾದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ, ಆ ಕ್ಯಾನ್ಸರಿಗಿಂತ ಹೃದಯದ ಕಾಯಿಲೆಗೇ ಹೆಚ್ಚು ಜನ ಬಲಿಯಾಗುವುದು ಕಂಡುಬಂದಿದೆ. ಕ್ಯಾನ್ಸರ್ ಹೋದರೂ ಬೊಜ್ಜು, ಸಕ್ಕರೆ ಕಾಯಿಲೆ, ಬಿ.ಪಿ. ಅಲ್ಲೇ ಉಳಿದುಕೊಂಡಿರುತ್ತವೆ.

ಮೂರನೆಯದು ಅಂಡಾಶಯದ ಕ್ಯಾನ್ಸರ್. ಇದರಲ್ಲಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಕೈಕಾಲು ಕಡ್ಡಿಯಾಗುತ್ತವೆ, ಹೊಟ್ಟೆ ಮಾತ್ರ ಬಸುರಿಯ ಹಾಗೆ. ಕಾಟಾ ಮೇಲೆ ನಿಂತರೆ ತೂಕ ಏರಿರುತ್ತದೆ. ‘ಗ್ಯಾಸ್ ಆಗೇತಿ’ ಎಂದು ತಿಂಗಳುಗಟ್ಟಲೆ ಗುಳಿಗೆ ನುಂಗಿ ಬಂದವರನ್ನು ನಾನು ನೋಡಿದ್ದೇನೆ. ವಾರಗಟ್ಟಲೆ ಹೊಟ್ಟೆ ಉಬ್ಬಿಕೊಂಡೇ ಇದ್ದರೆ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾದರೆ ಸ್ಕ್ಯಾನ್ ಮಾಡಿಸಬೇಕು.

ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹೆಂಗಸರಲ್ಲಿ ನೂರಕ್ಕೆ ಸುಮಾರು 19 ಜನ ತೀರ ತೆಳ್ಳಗಿದ್ದಾರೆ, 24 ಜನರ ತೂಕ ಹೆಚ್ಚಾಗಿದೆ. ಒಂದೇ ಓಣಿಯಲ್ಲಿ ಇಬ್ಬರೂ ಇರುತ್ತಾರೆ. ಹಾಗಾಗಿ ಎಲ್ಲರಿಗೂ ಒಂದೇ ಬುದ್ಧಿಮಾತು ಹೊಂದುವುದಿಲ್ಲ. ಒಂದು ಅಂದಾಜು ಹೇಳುತ್ತೇನೆ. ಐದು ಅಡಿ ಎತ್ತರದ ಹೆಂಗಸಿಗೆ 43ರಿಂದ 53 ಕಿಲೋ ಹಿತವಾದ ತೂಕ. 58 ದಾಟಿದರೆ ನಮ್ಮ ದೇಶದವರ ಲೆಕ್ಕದಲ್ಲಿ ಅದು ಬೊಜ್ಜು. ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಒಳಗಿದ್ದರೆ ಒಳ್ಳೆಯದು. ಕಾಲಿನಲ್ಲಿ, ಹೊಟ್ಟೆಯಲ್ಲಿ ನೀರಿದ್ದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ ಎಂಬುದನ್ನು ನನ್ನ ಚಿಗವ್ವನ ಕಾಲು ನೋಡಿ ಕಲಿತಿದ್ದೇನೆ.

ಈಗ ಊಟದ ಮಾತು. ಕ್ಯಾನ್ಸರ್ ಚಿಕಿತ್ಸೆ ಆಗಿ ಬಂದವರಿಗೆ ನಮ್ಮ ಮನೆಗಳಲ್ಲಿ ಮೊದಲು ನಡೆಯುವುದು ಪಥ್ಯ. ತತ್ತಿ ನಂಜು, ಮಾಂಸ ನಂಜು, ಬದನೆಕಾಯಿ ನಂಜು, ಶೇಂಗಾ ಪಿತ್ತ, ಬೇಳೆ ವಾಯು. ಎಲ್ಲ ಬಿಡಿಸಿದ ಮೇಲೆ ಉಳಿಯುವುದು ಗಂಜಿ, ಬಿಳಿ ಅನ್ನ, ಬ್ರೆಡ್ಡು, ನೋಡಲು ಬಂದವರು ತಂದ ಬಿಸ್ಕೆಟ್ಟು. ಇದೆಲ್ಲ ಪ್ರೀತಿಯಿಂದಲೇ ಮಾಡುತ್ತೇವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಪಥ್ಯ ಸೊರಗಿದವಳನ್ನು ಇನ್ನಷ್ಟು ಸೊರಗಿಸುತ್ತದೆ. ದಪ್ಪಗಿದ್ದವಳಿಗೆ ಬಲ ಕೊಡದೆ ಬೊಜ್ಜು ಮಾತ್ರ ಬೆಳೆಸುತ್ತದೆ. ಇಬ್ಬರಿಗೂ ಬೇಕಾದದ್ದು ಪ್ರೋಟೀನು. ಗಾಯ ಮಾಯುವುದು ಅದರಿಂದಲೇ, ಮಾಂಸಖಂಡ ಕಟ್ಟುವುದೂ ಅದರಿಂದಲೇ. ತತ್ತಿ ತಿಂದರೆ ಹೊಲಿಗೆ ಕೀವು ಹಿಡಿಯುತ್ತದೆ ಎಂಬುದು ಸುಳ್ಳು.

ಕ್ಯಾನ್ಸರ್ ಕಂಡವರಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ ಒಂದು ಗ್ರಾಮಿಗೆ ಕಡಿಮೆಯಾಗದಂತೆ, ಸಾಧ್ಯವಾದರೆ ಒಂದೂವರೆ ಗ್ರಾಮಿನವರೆಗೂ ಪ್ರೋಟೀನು ಬೇಕು. 50 ಕಿಲೋದವಳಿಗೆ ಕನಿಷ್ಠ 50 ಗ್ರಾಂ. ಇದಕ್ಕೆ ಡಬ್ಬಿ ಪುಡಿ ತರಬೇಕಾಗಿಲ್ಲ. ನಮ್ಮ ಅಡಿಗೆಮನೆಯಲ್ಲೇ ಲೆಕ್ಕ ಹಾಕೋಣ. ದಿನಕ್ಕೆ ಮೂರು ಜೋಳದ ರೊಟ್ಟಿ ಅಂದರೆ ಸುಮಾರು 18 ಗ್ರಾಂ. ಒಂದು ಬಟ್ಟಲು ಗಟ್ಟಿ ತೊಗರಿಬೇಳೆ, ಏಳು ಗ್ರಾಂ. ಒಂದು ಹಿಡಿ ಶೇಂಗಾ, ಅದು ಶೇಂಗಾಹಿಂಡಿ ಆದರೂ ಸರಿ, ಮತ್ತೆ ಏಳು. ಎರಡು ತತ್ತಿ, 12. ಒಂದು ದೊಡ್ಡ ಲೋಟ ಹಾಲು ಅಥವಾ ಗಟ್ಟಿ ಮೊಸರು, ಆರು. ಕೂಡಿಸಿದರೆ ಐವತ್ತಾಯಿತು. ತತ್ತಿ ತಿನ್ನದವರು ಹೆಸರುಕಾಳು, ಮಡಿಕೆಕಾಳಿನ ಉಸುಳಿಯನ್ನೂ ಇನ್ನೊಂದು ಲೋಟ ಹಾಲನ್ನೂ ಸೇರಿಸಿಕೊಳ್ಳಲಿ. ಮೂತ್ರಪಿಂಡಕ್ಕೆ ಪೆಟ್ಟಾಗಿದೆ ಎಂದು ಡಾಕ್ಟರು ಹೇಳಿದ್ದರೆ ಮಾತ್ರ ಅವರನ್ನು ಕೇಳಿಯೇ ಈ ಲೆಕ್ಕ ಹಾಕಬೇಕು.

ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರಿನ ಸುತ್ತಮುತ್ತ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ತಾಟಿನಲ್ಲಿ ರೊಟ್ಟಿ ಕಡಿಮೆಯಾಗಿ ಅನ್ನ ಹೆಚ್ಚಾಯಿತು. ಕಾಲುವೆ ನಮಗೆ ಅನ್ನ ಕೊಟ್ಟಿದೆ, ಅದಕ್ಕೆ ನಾವು ಋಣಿಗಳು. ಆದರೆ ನೂರು ಗ್ರಾಂ ಜೋಳದಲ್ಲಿ ನಾರು ಸುಮಾರು ಹತ್ತು ಗ್ರಾಂ ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಮೂ ಇಲ್ಲ. ತೂಕ ಇಳಿಸಬೇಕಾದವಳಿಗೆ, ಸಕ್ಕರೆ ಕಾಯಿಲೆ ಇದ್ದವಳಿಗೆ ಹೊಟ್ಟೆ ತುಂಬಿಸಿ ಹೊತ್ತು ತಡೆಯುವುದು ರೊಟ್ಟಿ, ಪುಂಡಿಪಲ್ಯ, ಬೇಳೆ. ಸಂಜೆಗೆ ಮಂಡಾಳ ಒಗ್ಗರಣೆ ಒಂದು ತಾಟು ತಿಂದರೆ ಚಿಂತೆಯಿಲ್ಲ, ಅದರ ಜೊತೆಗಿನ ನಾಲ್ಕು ಮಿರ್ಚಿ ಬಜಿಯನ್ನು ಹಬ್ಬ ಜಾತ್ರೆಗೆ ಇಟ್ಟುಕೊಳ್ಳಿ. ಕರೆಂಟ್ ಇಡಿಸಿಕೊಳ್ಳುವ ದಿನಗಳಲ್ಲಿ ಭೇದಿ ಆಗುತ್ತಿದ್ದರೆ ಆಗ ರೊಟ್ಟಿ, ಸೊಪ್ಪು, ಖಾರ ಬೇಡ. ಮೆತ್ತನೆಯ ಮೊಸರನ್ನ, ಹೆಸರುಬೇಳೆ ಕಿಚಡಿ, ಬಾಳೆಹಣ್ಣು, ಉಪ್ಪು ಹಾಕಿದ ಮಜ್ಜಿಗೆ ಸಾಕು. ಕರುಳು ತಣ್ಣಗಾದ ಮೇಲೆ ಮೆಲ್ಲಗೆ ರೊಟ್ಟಿಗೆ ಮರಳಿ. ಒಮ್ಮೆಲೇ ಉಣ್ಣಲಾಗದವರು ಎರಡೆರಡು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ಉಣ್ಣಲಿ. ಎಲ್ಲರೂ ಉಂಡಾದ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವ ರೂಢಿ ಇರುವ ಮನೆಗಳಲ್ಲಿ ಆ ರೂಢಿ ಇವಳ ಮಟ್ಟಿಗಾದರೂ ಮುರಿಯಲಿ. ಅವಳ ತಾಟು ಮೊದಲು ಹಾಕಿ.

ಊಟದಷ್ಟೇ ಬೇಕಾದದ್ದು ನಡಿಗೆ. ‘ಆಪರೇಷನ್ ಆಗೇತಿ, ಕುಂತಲ್ಲೇ ಕುಂದ್ರವ್ವ’ ಎನ್ನುವುದು ನಮ್ಮ ಅಂತಃಕರಣದ ಮಾತು. ಗಾಯ ಮಾಯುವವರೆಗೆ ಅದು ಸರಿ. ಆಮೇಲೂ ಕೂರಿಸಿಬಿಟ್ಟರೆ ಮಾಂಸಖಂಡ ಕರಗುತ್ತದೆ, ದಣಿವು ಇನ್ನೂ ಹೆಚ್ಚುತ್ತದೆ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಅಂಡಾಶಯದ ಕ್ಯಾನ್ಸರ್ ದಾಟಿದ 144 ಹೆಂಗಸರ ಮೇಲೆ ಒಂದು ಅಧ್ಯಯನ ನಡೆಯಿತು. 2017ರಲ್ಲಿ ಅದರ ಫಲ ಬಂತು. ಅರ್ಧ ಜನ ಮನೆಯಲ್ಲಿದ್ದುಕೊಂಡೇ ಆರು ತಿಂಗಳು ಮುಖ್ಯವಾಗಿ ನಡಿಗೆಯನ್ನೇ ರೂಢಿ ಮಾಡಿಕೊಂಡರು. ಫೋನಿನಲ್ಲಿ ಅವರಿಗೆ ಒಬ್ಬರು ಧೈರ್ಯ ಹೇಳುತ್ತಿದ್ದರು. ಉಳಿದವರಿಗಿಂತ ಇವರ ಮೈಕೈ ಹಗುರಾಗಿ, ದಿನದ ಕೆಲಸದ ಶಕ್ತಿ ಹೆಚ್ಚಿತ್ತು. ಓಹಾಯೋದಲ್ಲಿ ಗರ್ಭಚೀಲದ ಕ್ಯಾನ್ಸರ್ ಗೆದ್ದ 75 ಜನ ದಪ್ಪ ಮೈಯ ಹೆಂಗಸರ ಮೇಲೆ ನಡೆದ ಇನ್ನೊಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಊಟ, ನಡಿಗೆಗಳ ಬಗ್ಗೆ ಗುಂಪಿನಲ್ಲಿ ಕೂತು ಕಲಿತವರಿಗೂ ಕಲಿಯದವರಿಗೂ ವರ್ಷದ ಕೊನೆಗೆ ತೂಕದಲ್ಲಿ 4.6 ಕಿಲೋ ಅಂತರವಿತ್ತು. ಬಹಳ ದೊಡ್ಡ ಅಂಕಿಯಲ್ಲ. ಆದರೆ ಔಷಧವಿಲ್ಲದೆ, ಜೊತೆಗಾರ್ತಿಯರ ನಡುವೆ ಕೂತು ಕಲಿತು ಸಾಧಿಸಿದ್ದು ಅದು.

ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ತಾಸು ಬಿರುಸಾಗಿ ನಡೆದರೂ ಎರಡು ಮೂರು ತಿಂಗಳಲ್ಲಿ ಕ್ಯಾನ್ಸರಿನ ದಣಿವು, ಮನಸ್ಸಿನ ಕುಗ್ಗು, ಆತಂಕ ಕಡಿಮೆಯಾಗುತ್ತವೆ ಎಂದು ಪರಿಣತರು ಒಪ್ಪಿದ್ದಾರೆ. ನಮ್ಮಲ್ಲಿ ಪಾರ್ಕು ಇಲ್ಲ ಎಂದು ಕೊರಗಬೇಡಿ. ಕಾಲುವೆಯ ದಂಡೆ ಇದೆ, ಹೊಲದ ದಾರಿ ಇದೆ. ರಾಯಚೂರಿನ ಬಿಸಿಲಿಗೆ ಹೆದರಿ ಬೆಳಗಿನ ಜಾವ ಅಥವಾ ಹೊತ್ತು ಮುಳುಗುವ ಮುನ್ನ ನಡೆಯಿರಿ. ಒಬ್ಬಳೇ ಬೇಡ, ಸೊಸೆಯೋ ನೆರೆಯವಳೋ ಜೊತೆಗಿರಲಿ.

ಬಲ ಅಳೆಯುವುದಕ್ಕೆ ಕಾಟಾಕ್ಕಿಂತ ಚೊಲೊ ಸಾಧನ ನಮ್ಮ ಮನೆಯ ಮುಂದಿನ ಕಟ್ಟೆ. ಅದರ ಮೇಲೆ ಕುಳಿತು, ಕೈ ಊರದೆ ಎದ್ದು ನಿಲ್ಲಿ. ಮತ್ತೆ ಕುಳಿತುಕೊಳ್ಳಿ. ಅರ್ಧ ನಿಮಿಷದಲ್ಲಿ ಎಷ್ಟು ಸಲ ಆಯಿತು, ಎಣಿಸಿ. ವೈದ್ಯರೂ ಕುರ್ಚಿ ಇಟ್ಟು ಇದೇ ಪರೀಕ್ಷೆ ಮಾಡುತ್ತಾರೆ. ಅದನ್ನೇ ದಿನವೂ ಮಾಡಿದರೆ ವ್ಯಾಯಾಮವೂ ಆಯಿತು. ಅಂಡಾಶಯ ತೆಗೆಸಿದವರಿಗೆ, ಕರೆಂಟಿನಿಂದ ಅಂಡಾಶಯ ನಿಂತುಹೋದವರಿಗೆ ಮೂಳೆ ಬೇಗ ಸವೆಯುತ್ತದೆ. ತೊಡೆಯಲ್ಲಿ ಬಲವಿದ್ದರೆ ಬಿದ್ದು ಮುರಿದುಕೊಳ್ಳುವುದು ಕಡಿಮೆಯಾಗುತ್ತದೆ.

ಇನ್ನು ಕಾಲುಬಾವು. ಹೊಟ್ಟೆಯ ಕೆಳಭಾಗದಲ್ಲಿ ದುಗ್ಧಗ್ರಂಥಿಗಳಿರುತ್ತವೆ. ಕಾಲಿನಿಂದ ಮೇಲೇರುವ ದುಗ್ಧರಸ ಹರಿಯುವುದು ಅವುಗಳ ಮೂಲಕ. ಆಪರೇಷನ್ನಿನಲ್ಲಿ ಅವನ್ನು ತೆಗೆದಿದ್ದರೆ, ಇಲ್ಲವೇ ವಿಕಿರಣದಿಂದ ಅವು ಮುಚ್ಚಿಹೋಗಿದ್ದರೆ ಆ ರಸ ಮುಂದೆ ಹೋಗಲಾರದೆ ಕಾಲಿನಲ್ಲೇ ನಿಲ್ಲುತ್ತದೆ. ಕಾಲುವೆಯ ತೂಬಿನಲ್ಲಿ ಹೂಳು ತುಂಬಿದರೆ ನೀರು ಹಿಂದಕ್ಕೆ ನಿಲ್ಲುವುದನ್ನು ನಾವು ಕಂಡವರಲ್ಲವೇ, ಹಾಗೆಯೇ. ಮೈತೂಕ ಹೆಚ್ಚಿದ್ದರೆ ಈ ಬಾವು ಇನ್ನೂ ಜಾಸ್ತಿ. ಇಂಥ ಕಾಲಿನ ಚರ್ಮ ಬಹಳ ನಾಜೂಕು. ನಮ್ಮ ಹೆಣ್ಣುಮಕ್ಕಳು ಬರಿಗಾಲಲ್ಲಿ ಕೆಸರುಗದ್ದೆಗೆ ಇಳಿದು ದಿನವಿಡೀ ಬಗ್ಗಿ ಭತ್ತದ ನಾಟಿ ಮಾಡುತ್ತಾರೆ. ಬೆರಳ ಸಂದಿಯಲ್ಲಿ ಒಂದು ಸಣ್ಣ ಬಿರುಕಿದ್ದರೂ ಸಾಕು, ನಂಜು ಏರಿ ಕಾಲು ಕೆಂಪಾಗಿ ಚಳಿಜ್ವರ ಬರುತ್ತದೆ. ಹಾಗಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಒಂದೇ ಕಾಲು ಒಮ್ಮೆಲೇ ಊದಿ ನೋವಾದರೂ ಅಷ್ಟೇ. ಅದು ರಕ್ತ ಹೆಪ್ಪುಗಟ್ಟಿದ್ದೂ ಇರಬಹುದು, ರೋಗ ಮರಳಿದ್ದೂ ಇರಬಹುದು.

ದಿನವೂ ಕಾಲು ತೊಳೆದು ಬೆರಳ ಸಂದಿ ಒರೆಸಿ, ಕೊಬ್ಬರಿ ಎಣ್ಣೆ ಸವರಿ. ಚಪ್ಪಲಿ ಇಲ್ಲದೆ ಅಂಗಳಕ್ಕೂ ಇಳಿಯಬೇಡಿ. ಮಲಗುವಾಗ ಕಾಲಿನ ಕೆಳಗೆ ದಿಂಬಿರಲಿ. ಟೇಲರ್ ಟೇಪಿನಿಂದ ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಎರಡೂ ಕಾಲು ಅಳೆಯಿರಿ. ಬಿಗಿ ಪಟ್ಟಿ ಸುತ್ತುವುದನ್ನು ಫಿಸಿಯೋಥೆರಪಿಯವರಿಂದ ಕಲಿಯಿರಿ, ನೀವೇ ಹಗ್ಗದಂತೆ ಬಿಗಿಯಬೇಡಿ. ಕಾಲುಂಗುರ, ಕಾಲುಚೈನು ಬಿಗಿಯಾಗುವ ಮೊದಲೇ ತೆಗೆದಿಡಿ. ಗಂಡನ ಆಯುಷ್ಯ ಕಾಲುಂಗುರದಲ್ಲಿಲ್ಲ ತಾಯಂದಿರೇ. ಬೆರಳು ಹೋದರೆ ಮಾತ್ರ ತಿರುಗಿ ಬರುವುದಿಲ್ಲ. ಊರಿನ ಹಿರಿಯ ಮುತ್ತೈದೆಯರು ಈ ಮಾತನ್ನು ತಮ್ಮ ಬಾಯಿಂದ ಹೇಳಿದರೆ ಅದಕ್ಕೆ ಡಾಕ್ಟರ ಮಾತಿಗಿಂತ ಹೆಚ್ಚು ಬೆಲೆ.

ಹೇಳಲು ಸಂಕೋಚವಾಗುವ ಒಂದು ವಿಷಯವನ್ನೂ ಹೇಳಲೇಬೇಕು. ಕರೆಂಟ್ ಇಡಿಸಿಕೊಂಡವರ ಮೈಯಲ್ಲಿ ಅದು ಉಳಿದಿರುತ್ತದೆ, ಮುಟ್ಟಿದರೆ ನಮಗೂ ತಗಲುತ್ತದೆ ಎಂದು ತಾಟು ಲೋಟ ಬೇರೆ ಇಟ್ಟ ಮನೆಗಳಿವೆ. ಮೊಮ್ಮಗುವನ್ನು ಎತ್ತಿಕೊಳ್ಳಲು ಬಿಡದ ಮನೆಗಳಿವೆ. ಗರ್ಭಕೊರಳಿಗೆ ಕೊಡುವ ವಿಕಿರಣ ಚಿಕಿತ್ಸೆ ಮುಗಿಸಿ ಮನೆಗೆ ಬಂದವಳ ಮೈಯಲ್ಲಿ ಅದು ಉಳಿದಿರುವುದಿಲ್ಲ. ಕ್ಯಾನ್ಸರ್ ಅಂಟುರೋಗವೂ ಅಲ್ಲ. ಜೊತೆಗೆ ಕೂತು ಉಣ್ಣಬಹುದು, ಪಕ್ಕದಲ್ಲಿ ಮಲಗಬಹುದು. ಗಂಡಹೆಂಡಿರ ನಂಟು ವೈದ್ಯರು ಹೇಳಿದ ಸಮಯದ ನಂತರ ಮತ್ತೆ ಶುರುವಾಗಬಹುದು. ಆ ಭಾಗ ಒಣಗಿ ಬಿಗಿದು ನೋವಾಗುವುದು ಚಿಕಿತ್ಸೆಯಿಂದ ಆಗುವಂಥದ್ದು. ಅದಕ್ಕೂ ಮುಲಾಮು, ಸಾಧನ, ಸಲಹೆ ಇವೆ. ಮುಂದಿನ ತಪಾಸಣೆಗೆ ಹೋದಾಗ ಕೇಳಿ. ಗಂಡಸರೇ, ನೀವೂ ಜೊತೆಗೆ ಹೋಗಿ. ಅವಳು ಕೇಳಲು ನಾಚಿದ್ದನ್ನು ನೀವು ಕೇಳಿ.

ಆಶಾ ಕಾರ್ಯಕರ್ತೆಯರಲ್ಲಿ, ನಮ್ಮ ಊರುಗಳ ಆರೋಗ್ಯ ಕೇಂದ್ರಗಳ ತಂಗಿಯರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಊರಿನಲ್ಲಿ ಈ ಚಿಕಿತ್ಸೆ ಮುಗಿಸಿ ಬಂದವರಿದ್ದರೆ ಒಂದು ಹಾಳೆ ಮಾಡಿ. ತಿಂಗಳಿಗೊಮ್ಮೆ ಅದೇ ಯಂತ್ರದ ಮೇಲೆ ತೂಕ, ಎರಡೂ ಕಾಲಿನ ಅಳತೆ, ಸೊಂಟದ ಸುತ್ತಳತೆ ಬರೆಯಿರಿ. ಅದರ ಕೆಳಗೆ ನಾಲ್ಕು ಪ್ರಶ್ನೆ ಬರೆಯಿರಿ. ಕಟ್ಟೆಯಿಂದ ಕೈ ಊರದೆ ಏಳುತ್ತೀರಾ? ನಿನ್ನೆ ಏನೇನು ಉಂಡಿರಿ? ರಾತ್ರಿ ನಿದ್ದೆ ಬಂತಾ? ಮಾಡಬೇಕೆಂದಿದ್ದು ಮಾಡಲಾಗದೆ ಬಿಟ್ಟ ಕೆಲಸ ಯಾವುದು? ತೂಕ ತಾನಾಗಿ ಇಳಿಯುತ್ತಿದ್ದರೆ, ರಕ್ತ ಮತ್ತೆ ಕಂಡರೆ, ಹೊಟ್ಟೆ ಉಬ್ಬಿದರೆ ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಕಳಿಸಿ. ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆಯ ನೆರವಿದೆ. ಕಾರ್ಡು ಮಾಡಿಸಿಕೊಳ್ಳದವರಿಗೆ ಮಾಡಿಸಿಕೊಡಿ.

ನೆಂಟರೇ, ನೆರೆಯವರೇ, ಇಂಥವರ ಮನೆಗೆ ಹೋದಾಗ ‘ಎಷ್ಟ ಸೊರಗೀದಿ’ ಅನ್ನಬೇಡಿ, ‘ಎಷ್ಟ ದಪ್ಪ ಆಗೀದಿ’ ಅಂತಲೂ ಅನ್ನಬೇಡಿ. ಬಳೆಯವ್ವ ಕೇಳಿದಂತೆ ಕೈ ಹಿಡಿದು ಕೇಳಿ, ‘ಏನಾಗೇತಿ ನಿನಗ?’ ಎಂದು. ಕೇಳಿ, ಉತ್ತರ ಬರುವವರೆಗೆ ಕಾಯಿರಿ.

ಚಿಗವ್ವನ ಕಾಲು ಪೂರ್ತಿ ಮೊದಲಿನಂತಾಗಲಿಲ್ಲ. ಪಟ್ಟಿ ಕಟ್ಟಿ, ತತ್ತಿ ಬೇಳೆ ಉಂಡು, ಕಾಲುವೆ ದಂಡೆಯ ಮೇಲೆ ನಡೆದು ವರ್ಷದೊಳಗೆ ಬಾವು ತಗ್ಗಿತು. ನಾಟಿಗೆ ಹೋಗುವುದನ್ನು ಬಿಟ್ಟಳು, ಮನೆಯಲ್ಲೇ ಕಟಿರೊಟ್ಟಿ ಮಾಡಿ ಕೊಡುವ ಕೆಲಸ ಹಿಡಿದಳು. ಕತ್ತರಿಸಿದ ಆ ಕಾಲುಂಗುರ ಇಂದಿಗೂ ಅವಳ ಕುಂಕುಮದ ಭರಣಿಯಲ್ಲಿದೆ. ಹೋದ ಸಲ ಹೋದಾಗ ನಾನು ಅಭ್ಯಾಸಬಲದಿಂದ ‘ತೂಕ ಎಷ್ಟೈತಿ ಚಿಗವ್ವ?’ ಅಂದೆ. ಅವಳು ಒಲೆಯ ಮುಂದೆ ನೆಲದ ಮೇಲೆ ಕುಳಿತಿದ್ದಳು. ಹಿಟ್ಟಿನ ಕೈ ಎರಡನ್ನೂ ಮೇಲೆತ್ತಿ ಹಿಡಿದು, ನೆಲಕ್ಕೆ ಊರದೆ, ಮೆಲ್ಲಗೆ ಎದ್ದು ನಿಂತಳು.

‘ನೋಡಿದಿಲ್ಲ? ಇದನ್ನ ಬರಕೊ’ ಅಂದಳು.

ಬರೆದುಕೊಂಡೆ. ಅದನ್ನೇ ಈವತ್ತು ನಿಮಗೂ ತಲುಪಿಸಿದ್ದೇನೆ.